ಮನೆಯ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ತೆರೆಯದಿದ್ದಾಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು, ಪೋಷಕರು ಹಾಗೂ ಶಿಕ್ಷಕರನ್ನು ಉದ್ದೇಶಿಸಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಎಂದರು. ಅದರ ಬಗ್ಗೆ ಮಾತಾಡುವವರು ಈಗ ಬೀದಿಗೊಬ್ಬರಿದ್ದಾರೆ. ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಬೇರೆಯೇ ಇದೆ: "ನೆಟ್ ಇದೆ ಕಣಪ್ಪ, ಆದ್ರೆ ಸೈಟ್ ಓಪನ್ ಆಗ್ತಿಲ್ಲ. ಏನ್ ಮಾಡೋದು?" ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ ಎಂದು ಅನುಮತಿ ಕೇಳಿಕೊಂಡೆ.

ಅದರಲ್ಲೂ ಲಿನಕ್ಸ್ ಇರುವ ಕಂಪ್ಯೂಟರನ್ನೇ ಆರಿಸಿಕೊಳ್ಳಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳು ಅದರ ನಿಯಮಕ್ಕೆ ಹೊಂದುವುದಿಲ್ಲ. ಹೀಗಾಗಿ ಆಫೀಸುಗಳಿಂದ ಕಡಿಮೆ ಬೆಲೆಗೆ ಬಂದ ಹಳೆಯ ಕಂಪ್ಯೂಟರುಗಳಿಗೆ ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ಹಾಕಿ ಮಕ್ಕಳಿಗೆ ಕೊಡುವ ಮನೆಗಳು ನನಗೆ ಗೊತ್ತಿರುವವರಲ್ಲೇ ಸುಮಾರಿವೆ. ಟಾಲ್ಪ್ ತರಬೇತಿಯಲ್ಲಿ ಉಬುಂಟು ಕಂಡಿರುವ ನಮ್ಮ ಶಿಕ್ಷಕರಿಗೂ ಇದು ಹೊಸದಲ್ಲ. ತೊಂದರೆ ಬರುವುದು ಏನಾದರೂ ಕೆಟ್ಟಾಗ. "ಲಿನಕ್ಸಾ? ಅದು ನಮಗೆ ಗೊತ್ತಿಲ್ಲ, ತೆಗೆದು ಬೇರೆ ಹಾಕಿಕೊಡ್ತೀವಿ" ಎನ್ನುತ್ತದೆ ಅಂಗಡಿ. ಮನೆಯಲ್ಲಿ, ಕೊನೆಯದಾಗಿ ಕೀಲಿಮಣೆ ಮುಟ್ಟಿದ ಮಗುವಿಗೆ ಬೈಗುಳ.

ನಮ್ಮ ಕಡೆ ಪಂಪ್‌ಸೆಟ್ ಓಡಲಿಲ್ಲ ಎಂದರೆ ರೈತ ಏನು ಮಾಡುತ್ತಾನೆ? ಮೊದಲು ಕರೆಂಟ್ ಇದೆಯಾ ನೋಡುತ್ತಾನೆ. ಆಮೇಲೆ ತ್ರೀ ಫೇಸ್ ಇದೆಯಾ, ಟಿಸಿಯಲ್ಲಿ ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಪೆಟ್ಟಿಗೆ ಹಿಡಿಯುತ್ತಿದೆಯಾ ಎಂದು ಒಂದೊಂದಾಗಿ ನೋಡುತ್ತಾ ಬರುತ್ತಾನೆ. ಕೊಳವೆಬಾವಿಯಿಂದ ಪೈಪು, ಮೋಟಾರು ಮೇಲೆತ್ತಿಸುವುದು ಕಟ್ಟಕಡೆಯ ಕೆಲಸ, ಅದಕ್ಕೆ ದುಡ್ಡು ಬೇಕು, ಜನ ಬೇಕು. ಕಂಪ್ಯೂಟರ್ ವಿಷಯಕ್ಕೆ ಬಂದರೆ ಅದೇ ರೈತನ ಮನೆಯಲ್ಲಿ ಮೊದಲ ಮಾತೇ "ಫಾರ್ಮ್ಯಾಟ್ ಮಾಡಿಸೋಣ". ಸ್ಟಾರ್ಟರ್ ನೋಡದೆ ಮೋಟಾರ್ ಎತ್ತಿದ ಹಾಗೆ. ಮಕ್ಕಳ ನೋಟ್ಸು, ಮದುವೆಯ ಫೋಟೊ ಎಲ್ಲ ಅಳಿಸಿಹೋಗುತ್ತದೆ, ಸೈಟ್ ಮಾತ್ರ ಆಮೇಲೂ ತೆರೆಯುವುದಿಲ್ಲ. ಏಕೆಂದರೆ ತೊಂದರೆ ಇದ್ದದ್ದು ಯಂತ್ರದ ಒಳಗೇ ಅಲ್ಲ.

ವೆಬ್‌ಸೈಟಿನ ಹೆಸರು ಬರೆದು ಎಂಟರ್ ಒತ್ತಿದ ಮೇಲೆ ಏನೇನು ನಡೆಯುತ್ತದೆ? ನಿಮ್ಮ ಕಂಪ್ಯೂಟರು ಮನೆಯ ರೂಟರನ್ನು ತಲುಪಬೇಕು. ರೂಟರು ಕಂಪನಿಯ ಲೈನ್ ಮೂಲಕ ಹೊರಗೆ ಹೋಗಬೇಕು. ಹೆಸರಿಗೆ ತಕ್ಕ ಸಂಖ್ಯೆಯ ವಿಳಾಸ ಯಾವುದೆಂದು ಯಾರನ್ನಾದರೂ ಕೇಳಿ ತಿಳಿಯಬೇಕು. ಆ ವಿಳಾಸದ ಸರ್ವರ್ ಬಾಗಿಲು ತೆಗೆಯಬೇಕು. ಅದು ತಾನು ಯಾರೆಂದು ಸರ್ಟಿಫಿಕೇಟ್ ತೋರಿಸಬೇಕು, ನಿಮ್ಮ ಬ್ರೌಸರ್ ಅದನ್ನು ಒಪ್ಪಬೇಕು. ಇಷ್ಟಾದ ಮೇಲೆ ಪುಟ ಬರುತ್ತದೆ. ನಮ್ಮ ಕೆಲಸ ಒಂದೇ: ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು ಎಂದು ಕಂಡುಹಿಡಿಯುವುದು. ಅದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು.

ಮೊದಲ ಪರೀಕ್ಷೆಗೆ ಕಂಪ್ಯೂಟರ್ ಜ್ಞಾನವೇ ಬೇಡ. "ಫೋನಲ್ಲಿ ಬರುತ್ತಲ್ಲ, ಹಾಗಾದ್ರೆ ಕಂಪ್ಯೂಟರೇ ಹಾಳಾಗಿದೆ" ಎನ್ನುತ್ತಾರೆ. ಫೋನು ಯಾವುದರ ಮೇಲೆ ಓಡುತ್ತಿತ್ತು? ಸಿಮ್ಮಿನ ಡೇಟಾ ಮೇಲೆ ಓಡುತ್ತಿದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮೇಲೆ ಅದೇ ಸೈಟ್ ತೆರೆದು ನೋಡಿ. ಅಲ್ಲೂ ತೆರೆಯದಿದ್ದರೆ ಕಂಪ್ಯೂಟರಿನ ತಪ್ಪು ಬಹುಮಟ್ಟಿಗೆ ಇಲ್ಲ, ರೂಟರಿನ ಕಡೆ, ಲೈನಿನ ಕಡೆ ಅಥವಾ ಸೈಟಿನ ಕಡೆ ನೋಡಬೇಕು. ಅಲ್ಲಿ ತೆರೆದರೆ ಕಂಪ್ಯೂಟರಿನ ಕಡೆ ನೋಡಬೇಕು. ಒಂದೇ ಏಟಿಗೆ ಹುಡುಕುವ ಜಾಗ ಅರ್ಧವಾಯಿತು.

ಎರಡನೆಯದು, ಪರದೆಯ ಮೇಲೆ ಬಂದ ಸಂದೇಶವನ್ನು ಓದುವುದು. ನಾವು ಅದನ್ನು ಓದುವುದೇ ಇಲ್ಲ, ಮುಚ್ಚಿಬಿಡುತ್ತೇವೆ. ಸರ್ವರ್ ಸಿಗಲಿಲ್ಲ ಎಂದಿದ್ದರೆ ಸಾಮಾನ್ಯವಾಗಿ ಹೆಸರಿಗೆ ವಿಳಾಸ ಸಿಕ್ಕಿಲ್ಲ ಎಂದರ್ಥ. ಟೈಮ್ ಔಟ್ ಎಂದಿದ್ದರೆ ಬಾಗಿಲು ತಟ್ಟಿದೆವು, ಒಳಗಿನಿಂದ ಸದ್ದೇ ಇಲ್ಲ. ರೆಫ್ಯೂಸ್ಡ್ ಎಂದಿದ್ದರೆ ತಟ್ಟಿದ್ದು ಕೇಳಿಸಿತು, ಆದರೆ ಯಾರೋ "ಇಲ್ಲ, ಹೋಗಿ" ಎಂದು ಹೇಳಿ ಕಳಿಸಿದರು. ಇವೆರಡೂ ಒಂದೇ ಅಲ್ಲ. 404 ಅಥವಾ 503 ಎಂಬ ಸಂಖ್ಯೆ ಬಂದರಂತೂ ಖುಷಿಪಡಿ: ನಿಮ್ಮ ಸಂಪರ್ಕ ಸರಿಯಾಗಿದೆ, ಆ ಕಡೆಯಿಂದ ಉತ್ತರ ಬಂದಿದೆ. 404 ಎಂದರೆ ಆ ಪುಟ ಅಲ್ಲಿಲ್ಲ, 503 ಎಂದರೆ ಸದ್ಯಕ್ಕೆ ಸೇವೆ ಕೊಡಲಾಗುತ್ತಿಲ್ಲ. ಅರ್ಜಿಯ ಕೊನೆಯ ದಿನ 503 ಬಂದರೆ ನಿಮ್ಮ ಕಂಪ್ಯೂಟರಿಗೆ ಬೈದು ಉಪಯೋಗವಿಲ್ಲ, ಬೆಳಗಿನ ಜಾವ ಐದಕ್ಕೆ ಎದ್ದು ಪ್ರಯತ್ನಿಸಬೇಕು.

ಇನ್ನು ಟರ್ಮಿನಲ್. ಕಪ್ಪು ಪರದೆ ಕಂಡು ಹೆದರಬೇಡಿ. ನಾನೀಗ ಹೇಳುವ ಕಮಾಂಡುಗಳಲ್ಲಿ ಒಂದನ್ನು ಬಿಟ್ಟು ಉಳಿದವು ಬರೀ ನೋಡುವವು, ಯಾವುದನ್ನೂ ಬದಲಿಸುವುದಿಲ್ಲ. ಬದಲಿಸುವುದು ಬಂದಾಗ ಹೇಳುತ್ತೇನೆ. ಇವನ್ನೆಲ್ಲ ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು. ದೊಡ್ಡಕ್ಷರ ಬೇಕಾದ ಕಡೆ ಬಿಡಿಸಿ ಹೇಳುತ್ತೇನೆ.

'ಐಪಿ ಎ' ಎಂದು ಕೊಟ್ಟರೆ ನಿಮ್ಮ ಕಂಪ್ಯೂಟರಿಗೆ ಸಿಕ್ಕಿರುವ ವಿಳಾಸ ಕಾಣುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಅದು 192.168ರಿಂದ ಆರಂಭವಾಗುತ್ತದೆ. 169.254ರಿಂದ ಆರಂಭವಾಗಿದ್ದರೆ ರೂಟರು ವಿಳಾಸವನ್ನೇ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ. ಕೇಬಲ್ಲು, ವೈಫೈ ಪಾಸ್‌ವರ್ಡು, ರೂಟರು ನೋಡಿ. 'ಐಪಿ ಆರ್' ಎಂದು ಕೊಟ್ಟರೆ 'ಡೀಫಾಲ್ಟ್ ವಯಾ' ಎಂಬ ಸಾಲಿನಲ್ಲಿ ರೂಟರಿನ ವಿಳಾಸ ಇರುತ್ತದೆ. ಅದನ್ನು ಹಿಡಿದು 'ಪಿಂಗ್' ಮಾಡಿ. ಉತ್ತರ ಬಂದರೆ ರೂಟರಿನವರೆಗೆ ದಾರಿ ಸರಿ. ಆಮೇಲೆ 'ಪಿಂಗ್ 8.8.8.8'. ಇದು ಗೂಗಲ್‌ನವರ ಒಂದು ಸಾರ್ವಜನಿಕ ಸರ್ವರಿನ ವಿಳಾಸ. ಉತ್ತರ ಬಂದರೆ ಲೈನೂ ಸರಿ. ಲಿನಕ್ಸಿನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಹಿಡಿದು ಸಿ ಒತ್ತಿ ನಿಲ್ಲಿಸಬೇಕು.

ಈ ಪಿಂಗ್ ಬರೆದವರು ಅಮೆರಿಕದ ಮೈಕ್ ಮೂಸ್, 1983ರಲ್ಲಿ. ಜಲಾಂತರ್ಗಾಮಿಗಳು ಸಮುದ್ರದಲ್ಲಿ ಸದ್ದು ಕಳಿಸಿ ಅದರ ಮಾರ್ದನಿ ಕೇಳುತ್ತವಲ್ಲ, ಆ ಸದ್ದಿನ ಹೆಸರನ್ನೇ ಇಟ್ಟರು. ಅದೊಂದು ಪುಟ್ಟ ಪ್ರೋಗ್ರಾಮು. ನಾನು ಆಫೀಸಿನಲ್ಲಿ ಇಂದಿಗೂ ದಿನಕ್ಕೆ ಹತ್ತು ಸಲ ಅದನ್ನೇ ಬಳಸುತ್ತೇನೆ. ಒಂದು ಎಚ್ಚರಿಕೆ: ಕೆಲವು ಸರ್ವರುಗಳು ಬೇಕೆಂದೇ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಒಂದು ಸೈಟಿನಿಂದ ಪಿಂಗ್ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದು ತಿಳಿಯಬೇಡಿ.

ಸಂಖ್ಯೆಗೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಎಂದಾದರೆ ತೊಂದರೆ ಹೆಸರು ಹುಡುಕುವ ಹಂತದಲ್ಲಿದೆ. ಇದಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಮೊದಲು ಇಡೀ ಜಾಲಕ್ಕೆ ಒಂದೇ ಪಟ್ಟಿ ಇತ್ತು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ಬರೆದಿಟ್ಟುಕೊಳ್ಳುತ್ತಿದ್ದರು, ಉಳಿದವರು ಅದರ ಪ್ರತಿ ತೆಗೆದುಕೊಳ್ಳುತ್ತಿದ್ದರು. ಚಿಕ್ಕ ಊರಿನಲ್ಲಿ ಅಂಚೆಯಣ್ಣನಿಗೆ ಎಲ್ಲರ ಮನೆ ಗೊತ್ತಿರುವ ಹಾಗೆ. ಊರು ಬೆಳೆದಾಗ ಅದು ಸಾಲಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈ ಕೆಲಸವನ್ನು ಅನೇಕರಿಗೆ ಹಂಚುವ ವ್ಯವಸ್ಥೆ ರೂಪಿಸಿದರು. ಹಳೆಯ ಪಟ್ಟಿಯ ಪಳೆಯುಳಿಕೆ ನಿಮ್ಮ ಲಿನಕ್ಸಿನಲ್ಲೂ 'ಹೋಸ್ಟ್ಸ್' ಎಂಬ ಫೈಲಾಗಿ ಉಳಿದಿದೆ. ಯಾರಾದರೂ ಅದರಲ್ಲಿ ಒಂದು ಹೆಸರಿನ ಮುಂದೆ ತಪ್ಪು ಸಂಖ್ಯೆ ಬರೆದಿಟ್ಟರೆ ಆ ಒಂದು ಸೈಟು ಮಾತ್ರ ಆ ಒಂದು ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ.

ಉಬುಂಟುವಿನಲ್ಲಿ ಡಿಎನ್‌ಎಸ್ ವಿಳಾಸ ನೋಡಲು ಹೋದವರಿಗೆ 127.0.0.53 ಎಂಬ ಸಂಖ್ಯೆ ಕಾಣುತ್ತದೆ. ಇದೇ ತಪ್ಪು ಎಂದು ಅನೇಕರು ಅದನ್ನು ತಿದ್ದಲು ಹೋಗುತ್ತಾರೆ. ಅದು ತಪ್ಪಲ್ಲ. ಅದು ನಿಮ್ಮ ಯಂತ್ರದೊಳಗೇ ಕೂತಿರುವ ಗುಮಾಸ್ತ. ಅವನು ನಿಜವಾಗಿ ಯಾರನ್ನು ಕೇಳುತ್ತಿದ್ದಾನೆ ಎಂಬುದನ್ನು 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಹೇಳುತ್ತದೆ. ಆ ವಿಳಾಸ ಉತ್ತರಿಸುತ್ತಿಲ್ಲವಾದರೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಕೊಟ್ಟು ನೋಡಬಹುದು.

ಇಷ್ಟರಲ್ಲೇ ಬಹಳಷ್ಟು ಪ್ರಕರಣಗಳು ಮುಗಿಯುತ್ತವೆ. ಮುಗಿಯದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಫೋನ್ ಮಾಡಿದಳು. ವಿದ್ಯಾರ್ಥಿವೇತನದ ಅರ್ಜಿಗೆ ಮರುದಿನ ಕೊನೆಯ ದಿನ.

"ಮಾವ, ಯೂಟ್ಯೂಬ್ ಬರುತ್ತೆ, ಗೂಗಲ್ ಬರುತ್ತೆ. ಅರ್ಜಿ ಸೈಟ್ ಮಾತ್ರ ಸುತ್ತುತ್ತಾನೇ ಇರುತ್ತೆ. ಇನ್ನೂ ಎರಡು ಮೂರು ಸೈಟ್ ಹಂಗೇ."

ಹಿಂದಿನಿಂದ ಭಾವನ ದನಿ ಕೇಳುತ್ತಿತ್ತು. "ಇವಳೇ ಏನೋ ಒತ್ತಿ ಹಾಳು ಮಾಡಿದ್ದಾಳೆ. ಬೆಳಿಗ್ಗೆ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸ್ತೀನಿ ಬಿಡು."

"ಭಾವ, ಇದೊಂದು ರಾತ್ರಿ ತಡೀರಿ" ಎಂದೆ. ಅವಳನ್ನು ಕೇಳಿದೆ, "ಈಚೆಗೆ ಮನೇಲಿ ಏನು ಬದಲಾಗಿದೆ?"

"ಹೋದ ವಾರ ಹೊಸ ರೂಟರ್ ಹಾಕಿ ಹೋದ್ರು."

ಅವಳ ಫೋನಿನ ಡೇಟಾ ಆಫ್ ಮಾಡಿಸಿ ವೈಫೈ ಮೇಲೆ ನೋಡಿಸಿದೆ. ಅಲ್ಲೂ ಅರ್ಜಿಯ ಸೈಟು ಸುತ್ತುತ್ತಲೇ ಇತ್ತು. ಹುಡುಗಿ ಏನೂ ಹಾಳು ಮಾಡಿಲ್ಲ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಭಾವನಿಗೆ ಕೇಳಿಸುವ ಹಾಗೆ ಸ್ಪೀಕರಿನಲ್ಲಿ ಎರಡು ಸಲ ಹೇಳಿದೆ.

ಆಮೇಲೆ 'ಕರ್ಲ್' ಎಂಬ ಉಪಕರಣ. 'ಕರ್ಲ್', ಒಂದು ಜಾಗ ಬಿಟ್ಟು ಹೈಫನ್ ವಿ, ಮುಂದೆ https:// ಸೇರಿಸಿ ಸೈಟಿನ ಹೆಸರು. ಬ್ರೌಸರ್ ತೆರೆಯ ಮರೆಯಲ್ಲಿ ಮಾಡುವ ಮಾತುಕತೆಯನ್ನು ಇದು ಸಾಲು ಸಾಲಾಗಿ ತೋರಿಸುತ್ತದೆ. ಕೆಲವು ಲಿನಕ್ಸಿನಲ್ಲಿ ಇದು ಮೊದಲೇ ಇರುವುದಿಲ್ಲ, ನೆಟ್ ಚೆನ್ನಾಗಿರುವಾಗಲೇ ಹಾಕಿಕೊಂಡಿರಿ. ಅವಳು ಓದಿದಳು: ವಿಳಾಸ ಸಿಕ್ಕಿತು, ಸಂಪರ್ಕ ಆಯಿತು, ನಮ್ಮ ಕಡೆಯಿಂದ 'ಕ್ಲೈಂಟ್ ಹಲೋ' ಹೋಯಿತು. ಅಲ್ಲಿಗೆ ನಿಂತಿತು. ಬಾಗಿಲು ತೆರೆದಿದೆ, ನಾವು ನಮಸ್ಕಾರ ಹೇಳಿದ್ದೇವೆ, ಆ ಕಡೆಯ ಮಾತು ಮಾತ್ರ ನಮಗೆ ಬರುತ್ತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅಲ್ಲಿಯವರೆಗೆ ಓಡಾಡಿದ್ದೆಲ್ಲ ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳು. ಈಗ ಸರ್ವರು ತನ್ನ ಸರ್ಟಿಫಿಕೇಟ್ ಕಳಿಸಬೇಕು, ಅದು ದೊಡ್ಡದು. ಚಿಕ್ಕದು ಬರುತ್ತದೆ, ದೊಡ್ಡದು ಬರುವುದಿಲ್ಲ. ತಗ್ಗು ಸೇತುವೆಯ ಕೆಳಗೆ ಸೈಕಲ್ಲು, ಆಟೊ ನುಸುಳುತ್ತವೆ, ಹುಲ್ಲು ತುಂಬಿದ ಲಾರಿ ಸಿಕ್ಕಿಕೊಳ್ಳುತ್ತದೆ. ಮನೆಯ ಕೇಬಲ್ಲಿನಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ ಸಾಮಾನ್ಯವಾಗಿ 1500 ಬೈಟ್. ಕೆಲವು ಬ್ರಾಡ್‌ಬ್ಯಾಂಡ್ ಲೈನುಗಳಲ್ಲಿ ಪಿಪಿಪಿಒಇ ಎಂಬ ವಿಧಾನವಿದೆ, ರೂಟರು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತದೆ. ಈ ವಿಧಾನ ಪ್ರತಿ ಪ್ಯಾಕೆಟ್ಟಿಗೂ 8 ಬೈಟಿನ ಚೀಟಿ ಅಂಟಿಸುತ್ತದೆ. ನಮಗೆ ಉಳಿಯುವುದು 1492.

ಅಳತೆ ಮೀರಿದ ಪ್ಯಾಕೆಟ್ ಬಂದರೆ ದಾರಿಯಲ್ಲಿರುವ ಯಂತ್ರ "ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ" ಎಂದು ಕಳಿಸಿದವರಿಗೆ ವಾಪಸ್ ಹೇಳಬೇಕು, ಹೇಳುತ್ತದೆ ಕೂಡ. ಆದರೆ ಕೆಲವು ಸೈಟುಗಳವರು ಭದ್ರತೆಯ ಹೆಸರಿನಲ್ಲಿ ಅಂಥ ಸಂದೇಶಗಳನ್ನೂ ಬಾಗಿಲಲ್ಲೇ ತಡೆದುಬಿಡುತ್ತಾರೆ. ಮಾತು ತಲುಪದ ಸರ್ವರು ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಸರಿಯಾಗಿ ಹೊಂದಿಸಿದ ರೂಟರು ಇದಕ್ಕೆ ಮೊದಲೇ ಉಪಾಯ ಮಾಡಿರುತ್ತದೆ: ಸಂಪರ್ಕ ಆಗುವಾಗಲೇ "ನಮಗೆ ಇಷ್ಟು ಅಳತೆಯದೇ ಕಳಿಸಿ" ಎಂದು ಆ ಕಡೆಗೆ ತಿಳಿಸುವ ಹಾಗೆ ತಿದ್ದಿ ಕಳಿಸುತ್ತದೆ. ಈ ಹೊಸ ರೂಟರಿನಲ್ಲಿ ಅದಿರಲಿಲ್ಲ. ಗೂಗಲ್, ಯೂಟ್ಯೂಬ್‌ಗಳು ಕ್ವಿಕ್ ಎಂಬ ಬೇರೆ ವಿಧಾನದಲ್ಲಿ ಚಿಕ್ಕ ಪ್ಯಾಕೆಟ್ಟುಗಳಿಂದಲೇ ಮಾತು ಶುರುಮಾಡಬಲ್ಲವು, ಆದ್ದರಿಂದ ಬರುತ್ತಿದ್ದವು. "ನೆಟ್ ಇದೆ, ಸೈಟ್ ಇಲ್ಲ" ಎಂಬ ಒಗಟಿನ ಗುಟ್ಟು ಅದು.

ಅನುಮಾನವನ್ನು ಪರೀಕ್ಷಿಸಬೇಕಲ್ಲ. 'ಪಿಂಗ್', ಹೈಫನ್ ದೊಡ್ಡಕ್ಷರದ ಎಮ್, 'ಡೂ', ಹೈಫನ್ ಎಸ್, 1472, ಮುಂದೆ 8.8.8.8. ದಾರಿಯಲ್ಲಿ ತುಂಡು ಮಾಡಬೇಡಿ, ಇಡಿಯಾಗಿ ಕಳಿಸಿ ಎಂದು ಇದರ ಅರ್ಥ. 1472ಕ್ಕೆ ತಲೆಬರಹಗಳ 28 ಸೇರಿದರೆ 1500. ಕೂಡಲೇ ರೂಟರು ಉತ್ತರ ಕೊಟ್ಟಿತು: ತುಂಡು ಮಾಡಬೇಕಾಗುತ್ತದೆ, ಗರಿಷ್ಠ 1492. ಅವಳು ಅಷ್ಟಕ್ಕೇ ಬಿಡಲಿಲ್ಲ. 1400 ಕೊಟ್ಟಳು, ಹೋಯಿತು. 1450, ಹೋಯಿತು. "ಮಾವ, 1464 ಹೋಗುತ್ತೆ, 1465 ಹೋಗಲ್ಲ" ಎಂದಳು. 1464ಕ್ಕೆ 28 ಕೂಡಿಸು ಎಂದೆ. ಒಂದು ಕ್ಷಣ ಸುಮ್ಮನಿದ್ದು ನಕ್ಕಳು.

ಆಮೇಲಿನ ಕಮಾಂಡು ಬದಲಿಸುವಂಥದ್ದು, ಅದಕ್ಕೆ 'ಸುಡೊ' ಬೇಕು, ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರಿನ ಕೇಬಲ್ ಸಂಪರ್ಕಕ್ಕೆ ಎಂಟಿಯು ಎಂಬ ಅಳತೆಯನ್ನು 1492 ಎಂದು ಕೊಡಿಸಿದೆ: 'ಸುಡೊ ಐಪಿ ಲಿಂಕ್ ಸೆಟ್ ಡೆವ್', ಆಮೇಲೆ 'ಐಪಿ ಎ'ಯಲ್ಲಿ ಕಂಡ ಸಂಪರ್ಕದ ಹೆಸರು, ಆಮೇಲೆ 'ಎಂಟಿಯು 1492'. ಈಗ ನಮ್ಮ ಕಂಪ್ಯೂಟರೇ ಆ ಕಡೆಯವರಿಗೆ ಚಿಕ್ಕ ಅಳತೆ ಹೇಳುತ್ತದೆ. ಸೈಟು ತೆರೆಯಿತು. ಅರ್ಜಿ ತುಂಬಿ ಮುಗಿಸಿ ಪಾವತಿಯ ಪ್ರತಿ ತೆಗೆದುಕೊಂಡಾಗ ರಾತ್ರಿ ಹತ್ತು ದಾಟಿತ್ತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಈ ಬದಲಾವಣೆ ಹೋಗಿಬಿಡುತ್ತದೆ. ಮೊದಲ ಸಲ ಪರೀಕ್ಷಿಸುವಾಗ ಅದು ಒಳ್ಳೆಯದೇ.

ಫೋನಿನಲ್ಲಿ ಮಾತ್ರ ಆ ಸೈಟು ಇನ್ನೂ ತೆರೆಯುತ್ತಿರಲಿಲ್ಲ, ಏಕೆಂದರೆ ನಿಜವಾದ ಕೊರತೆ ರೂಟರಿನಲ್ಲಿತ್ತು. ಮರುದಿನ ಬ್ರಾಡ್‌ಬ್ಯಾಂಡ್ ಕಂಪನಿಯ ಗ್ರಾಹಕ ಸೇವೆಗೆ ಅವಳೇ ಫೋನ್ ಮಾಡಿದಳು. "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದರು. "ಮಾಡಿದ್ದೀನಿ ಸರ್. 1464 ಬೈಟಿನ ಪಿಂಗ್ ಹೋಗುತ್ತೆ, 1465 ಹೋಗಲ್ಲ. ರೂಟರಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆನ್ ಮಾಡಿಕೊಡಿ" ಎಂದಳಂತೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೇಲಿನವರಿಗೆ ಕರೆ ದಾಟಿಸಿದರು. ಎರಡು ದಿನದಲ್ಲಿ ಸರಿಯಾಯಿತು. ಪೋಷಕರೇ, ಗ್ರಾಹಕ ಸೇವೆಯವರ ಜೊತೆ ಜಗಳ ಆಡುವುದಕ್ಕಿಂತ ಇಂಥ ಎರಡು ಸಂಖ್ಯೆ ಹೇಳುವುದು ಹೆಚ್ಚು ಕೆಲಸ ಮಾಡುತ್ತದೆ.

ಉಳಿದ ಕೆಲವು ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾಸ್ಟೆಲ್ಲಿನಲ್ಲೋ ಕಾಲೇಜಿನಲ್ಲೋ ಹಾಕಿದ ಪ್ರಾಕ್ಸಿ ಸೆಟ್ಟಿಂಗು ಮನೆಗೆ ಬಂದ ಮೇಲೂ ಉಳಿದಿದ್ದರೆ ಬ್ರೌಸರ್ ಇಲ್ಲದ ಬಾಗಿಲನ್ನು ತಟ್ಟುತ್ತಿರುತ್ತದೆ. ಪಿಂಗ್ ಹೋಗುತ್ತದೆ, ಪುಟ ಬರುವುದಿಲ್ಲ. ವಿಪಿಎನ್ ಹಾಕಿಕೊಂಡಿದ್ದರೆ ಅದನ್ನು ತೆಗೆದು ನೋಡಿ. ನಮ್ಮ ಕೆಲವು ಸರ್ಕಾರಿ ಸೈಟುಗಳು ಹೊರದೇಶದ ವಿಳಾಸದಿಂದ ತೆರೆಯುವುದಿಲ್ಲ, ವಿದೇಶದಲ್ಲಿರುವ ನನ್ನ ಗೆಳೆಯರು ಪಹಣಿ ನೋಡಲು ಪಡುವ ಪಾಡು ಅದು. ಐಪಿ ವಿಳಾಸಗಳಲ್ಲಿ ಈಗ 4 ಮತ್ತು 6 ಎಂಬ ಎರಡು ಬಗೆ ಇವೆ. 6ರ ದಾರಿ ಅರ್ಧಕ್ಕೇ ನಿಂತಿದ್ದರೆ ಸೈಟು ತಡವಾಗಿ ತೆರೆಯಬಹುದು. 'ಕರ್ಲ್' ಜೊತೆಗೆ ಹೈಫನ್ 4, ಹೈಫನ್ 6 ಕೊಟ್ಟು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ಗಡಿಯಾರದ ವಿಷಯ ಹೇಳಲೇಬೇಕು. ಪ್ರತಿ ಸರ್ಟಿಫಿಕೇಟಿಗೂ ಆರಂಭದ ಮತ್ತು ಮುಕ್ತಾಯದ ದಿನಾಂಕ ಇರುತ್ತದೆ. ಹಳೆಯ ಕಂಪ್ಯೂಟರಿನ ಒಳಗಿನ ಬಿಲ್ಲೆ ಬ್ಯಾಟರಿ ಮುಗಿದು ದಿನಾಂಕ ತಿಂಗಳುಗಟ್ಟಲೆ ಹಿಂದೆ ಬಿದ್ದರೆ, ಸರಿಯಾದ ಸರ್ಟಿಫಿಕೇಟೂ ಬ್ರೌಸರಿಗೆ ಇನ್ನೂ ಹುಟ್ಟದ ಕೂಸಿನಂತೆ ಕಾಣುತ್ತದೆ. ಸೈಟಿನ ಮೇಲೆ ಸೈಟು ಎಚ್ಚರಿಕೆ ಕೊಡುತ್ತದೆ. ಸಾಮಾನ್ಯವಾಗಿ ಲಿನಕ್ಸ್ ಜಾಲದಿಂದ ಸಮಯ ಕೇಳಿ ತಾನೇ ತಿದ್ದಿಕೊಳ್ಳುತ್ತದೆ. ಆ ಸೌಲಭ್ಯ ಆಫ್ ಆಗಿದ್ದರೆ ತಿದ್ದಿಕೊಳ್ಳುವುದಿಲ್ಲ. 'ಟೈಮ್‌ಡೇಟ್‌ಸಿಟಿಎಲ್' ಎಂಬ ಕಮಾಂಡು ಎರಡನ್ನೂ ತೋರಿಸುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ, ಅದರಲ್ಲೂ ಬ್ಯಾಂಕಿನ ಸೈಟಿನಲ್ಲಿ ಬಂದರೆ, ಮುಂದುವರಿಯಿರಿ ಎಂಬ ಗುಂಡಿಯನ್ನು ಯಾವ ಕಾರಣಕ್ಕೂ ಒತ್ತಬೇಡಿ. ಹಾಗೆಯೇ ಎಲ್ಲೋ ಕಂಡ 'ಸುಡೊ' ಇರುವ ಕಮಾಂಡನ್ನು ಅರ್ಥ ತಿಳಿಯದೆ ತಂದು ಅಂಟಿಸಬೇಡಿ. ಒಂದು ಬದಲಿಸಿ, ಪರೀಕ್ಷಿಸಿ, ಫಲ ಸಿಗದಿದ್ದರೆ ಮೊದಲಿದ್ದ ಹಾಗೇ ಮಾಡಿ, ಆಮೇಲೆ ಮುಂದಿನದು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವಿಜ್ಞಾನದ ಪ್ರಯೋಗಕ್ಕೆ ರೆಕಾರ್ಡ್ ಬರೆಯಲು ನಮ್ಮ ಮೇಷ್ಟ್ರು ಎಷ್ಟು ಒತ್ತಾಯ ಮಾಡುತ್ತಿದ್ದರೆಂದು ನನ್ನ ಸಹಪಾಠಿಗಳಿಗೆ ನೆನಪಿರಬಹುದು.

ಬೆಳಿಗ್ಗೆ ನಮ್ಮ ಶಾಲೆಯ ಲ್ಯಾಬಿಗೆ ಹೋಗಿದ್ದೆ. ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಸ್ವಿಚ್ ಹಾಕಿದಾಗ ಬರುವ ಮೊದಲ ಪರದೆ 2009ನೇ ಇಸವಿ ತೋರಿಸುತ್ತಿದೆ. ಸಿಆರ್ 2032 ಬ್ಯಾಟರಿ ಪೇಟೆಯಿಂದ ತಂದಿದ್ದೇನೆ, ಜೇಬಿನಲ್ಲಿದೆ. ಊಟವಾದ ಮೇಲೆ ಹತ್ತನೇ ತರಗತಿಯವರಲ್ಲಿ ಆಸಕ್ತಿ ಇರುವವರು ಬನ್ನಿ, ನೀವೇ ಬಿಚ್ಚಿ ಹಾಕಬಹುದು. ಒಂದು ಸ್ಕ್ರೂಡ್ರೈವರ್ ಬೇಕು, ಅದನ್ನು ಮಾತ್ರ ನಾನು ತಂದಿಲ್ಲ.